ಹೊಸ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಸರಿ ಇಲ್ಲ, ಸರ್ವಿಸ್‌ನವರು ‘ಪ್ರಾಬ್ಲಂ ಏನೂ ಇಲ್ಲ’ ಅನ್ನುತ್ತಾರೆ

ಕೋಣಂದೂರು_ತೋಟ

ಎಲ್ಲರಿಗೂ ನಮಸ್ಕಾರ. ತಂಗಿ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅಡಿಕೆ ಮಾರಿದ ದುಡ್ಡಿನಲ್ಲಿ ಅವಳಿಗೆ ಅಂತ ಆನ್‌ಲೈನ್‌ನಲ್ಲಿ ಹೊಸ ಲ್ಯಾಪ್‌ಟಾಪ್ ತರಿಸಿದೆವು. ವಿಂಡೋಸ್ 11, ಮೇಲುಗಡೆ ಅಲ್ಯೂಮಿನಿಯಂ ಬಾಡಿ. ಬಾಕಿ ಎಲ್ಲ ಚೆನ್ನಾಗಿದೆ, ಟಚ್‌ಪ್ಯಾಡ್ ಒಂದೇ ಸಾಕುಸಾಕು ಮಾಡಿದೆ.

ಕರ್ಸರ್ ತಾನಾಗಿ ಹಾರುತ್ತದೆ. ಬೆರಳು ಸುಮ್ನೆ ಇಟ್ಟರೂ ನಡುಗುತ್ತದೆ, ಎರಡು ಬೆರಳಲ್ಲಿ ಸ್ಕ್ರೋಲ್ ಮಾಡಲು ಹೋದರೆ ಪೇಜ್ ದೊಡ್ಡದು ಚಿಕ್ಕದು ಆಗುತ್ತದೆ. ಇದರ ಜೊತೆ ಬಲಗಡೆ ಕೆಳಗಿನ ಮೂಲೆ ಒತ್ತಿದರೆ ಕ್ಲಿಕ್ ಆಗುವುದೇ ಇಲ್ಲ, ಬಹಳ ಜೋರಾಗಿ ಒತ್ತಬೇಕು, ಎಡಗಡೆ ಮಾತ್ರ ಸರಿಯಾಗಿ ಟಕ್ ಅನ್ನುತ್ತದೆ. ಕಂಪನಿಗೆ ಫೋನ್ ಮಾಡಿದರೆ ಡ್ರೈವರ್ ಅಪ್‌ಡೇಟ್ ಮಾಡಿ ಅಂದರು, ಮಾಡಿದೆವು. ಆಮೇಲೆ ರೀಸೆಟ್ ಮಾಡಿ ಅಂದರು, ಅದನ್ನೂ ಮಾಡಿದೆವು. ಕೊನೆಗೆ ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಒಯ್ದರೆ ಅವರ ಟೇಬಲ್ ಮೇಲೆ ಕರ್ಸರ್ ನೆಟ್ಟಗೆ ಓಡಿತು! ಮೂಲೆಯ ಕ್ಲಿಕ್ ತೋರಿಸಿದರೆ ‘ಹೊಸದಲ್ವಾ, ಬಳಸ್ತಾ ಬಳಸ್ತಾ ಸರಿಹೋಗುತ್ತೆ, ಇಲ್ಲಾಂದ್ರೆ ಒಂದು ಮೌಸ್ ಹಾಕಿಕೊಳ್ಳಿ’ ಅಂದು ವಾಪಸ್ ಕಳಿಸಿದರು. ಮನೆಗೆ ತಂದರೆ ಮತ್ತೆ ಅದೇ ಕುಣಿತ.

ಆನ್‌ಲೈನ್ ಅಂಗಡಿಯವರ ಬದಲಾವಣೆಯ ಗಡುವು ಮುಗಿಯುತ್ತಾ ಬಂದಿದೆ. ಬದಲಾಯಿಸಿ ಅಂತ ಪಟ್ಟು ಹಿಡಿಯಬೇಕೋ, ರಿಪೇರಿಗೆ ಒಪ್ಪಿಕೊಳ್ಳಬೇಕೋ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಫಿ_ಕಣ

ನಾನೂ ಮೌಸ್ ಹಾಕಿಕೊಂಡೇ ಕೆಲಸ ಮಾಡುವುದು. ಐನೂರು ರೂಪಾಯಿಗೆ ಒಳ್ಳೆಯದು ಸಿಗುತ್ತದೆ. ಅಷ್ಟಕ್ಕೆ ಯಾಕೆ ತಲೆಬಿಸಿ ಮಾರಾಯ್ರೆ.

ಹೊಸನಗರದ_ಅಕ್ಕ

ಅದು ಬೇರೆ ಮಾತು ಕಾಫಿ ಕಣ ಅವರೇ. ಪೂರ್ತಿ ದುಡ್ಡು ಕೊಟ್ಟ ಮೇಲೆ ಎಲ್ಲ ಭಾಗವೂ ಕೆಲಸ ಮಾಡಬೇಕು. ಆ ಹುಡುಗಿ ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಹಾಸ್ಟೆಲ್ ಮಂಚದ ಮೇಲೆ ಎಲ್ಲಿ ಅಂತ ಮೌಸ್ ಇಟ್ಟುಕೊಳ್ಳುತ್ತಾಳೆ?

ಕೋಣಂದೂರಿನವರೇ, ಮೊದಲು ಒಂದು ಕೆಲಸ ಮಾಡಿ. ಯಾವ ಪರೀಕ್ಷೆಗೂ ಕಾಯಬೇಡಿ, ಇವತ್ತೇ ಆ ಅಂಗಡಿಯ ಆ್ಯಪ್‌ನಲ್ಲಿ ಬದಲಾವಣೆಗೆ ರಿಕ್ವೆಸ್ಟ್ ಹಾಕಿ ಸ್ಕ್ರೀನ್‌ಶಾಟ್ ತೆಗೆದಿಡಿ. ಗಡುವಿನ ಒಳಗೆ ಹಾಕಿದ್ದೀರಿ ಅನ್ನುವುದಕ್ಕೆ ದಾಖಲೆ ಬೇಕು. ಮಿಕ್ಕಿದ್ದು ಆಮೇಲೆ ಬರೆಯುತ್ತೇನೆ.

ದುರ್ಗಿಗುಡಿ_ರಿಪೇರಿ

ನಾನು ಶಿವಮೊಗ್ಗದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ, ಯಾವ ಕಂಪನಿಯ ಕಡೆಯವನೂ ಅಲ್ಲ. ನೀವು ಬರೆದದ್ದು ಓದಿದರೆ ಇಲ್ಲಿ ಒಂದಲ್ಲ, ಎರಡು ತೊಂದರೆ ಇವೆ. ಎರಡನ್ನೂ ಸೇರಿಸಿ ಹೇಳಿದರೆ ಸರ್ವಿಸ್‌ನವರು ತಮಗೆ ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನು ಬಿಟ್ಟುಬಿಡುತ್ತಾರೆ. ನಿಮಗೆ ಆಗಿರುವುದೂ ಅದೇ.

ಕರ್ಸರ್ ಹಾರುವುದು ಚಾರ್ಜರ್ ಹಾಕಿದಾಗ ಮಾತ್ರವಾ ನೋಡಿ. ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಸ್ವಲ್ಪ ಹೊತ್ತು ಓಡಿಸಿ. ಆಗ ಸರಿಯಾಗಿದ್ದರೆ ನಿಮ್ಮ ಮನೆಯ ಅರ್ಥಿಂಗ್ ಮೇಲೆ ನನ್ನ ಅನುಮಾನ. ಟಚ್‌ಪ್ಯಾಡ್ ಬೆರಳಿನ ಒತ್ತಡವನ್ನು ಅಳೆಯುವುದಿಲ್ಲ. ಅದರ ಕೆಳಗೆ ಸಣ್ಣ ಸಣ್ಣ ತಂತಿಗಳ ಬಲೆ ಇದೆ, ಬೆರಳು ಹತ್ತಿರ ಬಂದಾಗ ಅಲ್ಲಿನ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡುವ ಶಕ್ತಿ, ತುಸು ಬದಲಾಗುತ್ತದೆ, ಅದನ್ನು ನೋಡಿ ಬೆರಳು ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಬಹಳ ಸೂಕ್ಷ್ಮ. ಚಾರ್ಜರ್ ಒಳಗೆ 230 ವೋಲ್ಟಿನ ಕಡೆಗೂ ಲ್ಯಾಪ್‌ಟಾಪ್ ಕಡೆಗೂ ನಡುವೆ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ, ರೇಡಿಯೋ ಗಲಾಟೆ ಕಡಿಮೆ ಮಾಡಲು ಅಂತ ಇಟ್ಟಿರುತ್ತಾರೆ. ಅದರ ಮೂಲಕ ಒಂಚೂರು ಕರೆಂಟ್ ಸೋರುತ್ತದೆ. ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಲ್ಯಾಪ್‌ಟಾಪಿನ ಬಾಡಿ ಮೇಲೆ ನಿಲ್ಲುತ್ತದೆ. ಅಲ್ಯೂಮಿನಿಯಂ ಮೇಲೆ ಕೈ ಸವರಿದರೆ ಜುಂ ಅನ್ನುವುದು ಇದೇ. ಟಚ್‌ಪ್ಯಾಡ್ ಅಳೆಯುವ ಸಿಗ್ನಲ್ ಕೆಡುವುದೂ ಇದರಿಂದಲೇ. ಇಲ್ಲದ ಬೆರಳು ಇದೆ ಅಂದುಕೊಳ್ಳುತ್ತದೆ, ಅದಕ್ಕೇ ಸ್ಕ್ರೋಲ್ ಮಾಡಲು ಹೋದರೆ ಜೂಮ್ ಆಗುತ್ತದೆ.

ನಮ್ಮ ಕಡೆ ಹಳೆಯ ಮನೆಗಳಲ್ಲಿ ಇದು ಮಾಮೂಲಿ. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ತಂತಿಯೇ ಇರುವುದಿಲ್ಲ. ಅಥವಾ ಚಾರ್ಜರಿನ ಮೂರು ಪಿನ್ನಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿರುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಓಡಿಸಿದರೆ ಇನ್ನೂ ಜಾಸ್ತಿ ಕುಣಿಯಬಹುದು. ಸರ್ವಿಸ್ ಸೆಂಟರಿನ ಟೇಬಲ್ಲಿಗೆ ಅರ್ಥಿಂಗ್ ಸರಿಯಾಗಿದ್ದರೆ ಅಲ್ಲಿ ಏನೂ ಕಾಣುವುದಿಲ್ಲ.

ಬಲ ಮೂಲೆಯ ಕ್ಲಿಕ್ಕಿಗೂ ಇದಕ್ಕೂ ಸಂಬಂಧ ಇಲ್ಲ. ಬಹಳಷ್ಟು ಟಚ್‌ಪ್ಯಾಡ್‌ಗಳ ಕೀಲು ಮೇಲುಗಡೆ ಇರುತ್ತದೆ, ಹಾಗಾಗಿ ಮೇಲಿನ ಅಂಚಿನಲ್ಲಿ ಗಟ್ಟಿ ಇರುವುದು ಸಹಜ. ಕೆಳಗಡೆ ಮಾತ್ರ ಎಡಕ್ಕೂ ಬಲಕ್ಕೂ ಒಂದೇ ಥರ ಇಳಿಯಬೇಕು. ಇಳಿಯುತ್ತಿಲ್ಲ ಅಂದರೆ ಜೋಡಿಸುವಾಗಲೇ ತಪ್ಪಾಗಿದೆ, ಅದು ಬಳಸುತ್ತಾ ಸರಿಹೋಗುವಂಥದ್ದಲ್ಲ. ಲ್ಯಾಪ್‌ಟಾಪನ್ನು ಸಮತಟ್ಟಾದ ಟೇಬಲ್ ಮೇಲಿಟ್ಟು ಪಕ್ಕದಿಂದ ಕಣ್ಣಿಟ್ಟು ನೋಡಿ. ಟಚ್‌ಪ್ಯಾಡ್ ಒಂದು ಕಡೆ ಮೇಲೆದ್ದಿದ್ದರೆ ಅಥವಾ ತಳ ಉಬ್ಬಿದ್ದರೆ ಕೂಡಲೇ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಉಬ್ಬಿದರೂ ಹೀಗಾಗುತ್ತದೆ. ಹೊಸದರಲ್ಲಿ ಅಪರೂಪ, ಆದರೂ ನೋಡಿಬಿಡಿ.

ಸಾಗರ_ಲಿನಕ್ಸ್

ಮೇಲೆ ಹೇಳಿದ್ದು ಸರಿ. ‘ನಿಮ್ಮ ವಿಂಡೋಸ್‌ನಲ್ಲೇ ಏನೋ ಆಗಿದೆ’ ಅಂತ ಅವರು ಮತ್ತೆ ಹೇಳದ ಹಾಗೆ ಇನ್ನೊಂದು ಪರೀಕ್ಷೆ ಸೇರಿಸುತ್ತೇನೆ. 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲು ಓಡಿಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿ, ಲ್ಯಾಪ್‌ಟಾಪನ್ನು ಅದರಿಂದಲೇ ಬೂಟ್ ಮಾಡಿ, ಅಂದರೆ ಶುರು ಮಾಡಿ, ಇನ್‌ಸ್ಟಾಲ್ ಮಾಡದೆ ಸುಮ್ನೆ ನೋಡುವ ಆಯ್ಕೆ ಇದೆಯಲ್ಲ, ಅದನ್ನು ಒತ್ತಿ. ಲ್ಯಾಪ್‌ಟಾಪಿನಲ್ಲಿ ಇರುವುದಕ್ಕೆ ಏನೂ ಆಗುವುದಿಲ್ಲ. ಅಲ್ಲೂ ಆ ಮೂಲೆ ಕ್ಲಿಕ್ ಆಗದಿದ್ದರೆ ತೊಂದರೆ ವಿಂಡೋಸಿನದಲ್ಲ, ಡ್ರೈವರಿನದೂ ಅಲ್ಲ, ಹಾರ್ಡ್‌ವೇರಿನದು. ಒಂದು ಎಚ್ಚರಿಕೆ: ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ ಅನ್ನುವ ಸುರಕ್ಷತೆಯ ಆಯ್ಕೆಯನ್ನು ಆಫ್ ಮಾಡಬೇಡಿ. ಉಬುಂಟುಗೆ ಅದರ ಅಗತ್ಯ ಇಲ್ಲ, ಆಫ್ ಮಾಡಿದರೆ ವಿಂಡೋಸ್ ಬಿಟ್‌ಲಾಕರ್ ಕೀ (ಡಿಸ್ಕಿನ ಬೀಗ ತೆಗೆಯುವ ಉದ್ದದ ನಂಬರ್) ಕೇಳಿ ಕೂರಬಹುದು.

ಪೆನ್‌ಡ್ರೈವ್ ರಗಳೆ ಬೇಡ ಅಂದರೆ ಕಂಪನಿಯದೇ ಟೆಸ್ಟ್ ಇರುತ್ತದೆ. ಎಚ್‌ಪಿ ಆದರೆ ಆನ್ ಮಾಡುವಾಗ ಎಫ್2 ಕೀ ಒತ್ತಿ, ಡೆಲ್ ಆದರೆ ಎಫ್12. ವಿಂಡೋಸ್ ಒಳಗೆ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಅಂಡ್ ಡಿವೈಸಸ್, ಅದರಲ್ಲಿ ಟಚ್‌ಪ್ಯಾಡ್. ಅಲ್ಲಿ ಸೆನ್ಸಿಟಿವಿಟಿ ಒಂದು ಹಂತ ಕಡಿಮೆ ಮಾಡಿ, ಟೈಪ್ ಮಾಡುವಾಗ ಅಂಗೈ ತಾಗಿ ಕರ್ಸರ್ ಎಲ್ಲೆಲ್ಲೋ ಹೋಗುವುದು ಅದರಿಂದ ಕಡಿಮೆಯಾಗುತ್ತದೆ. ಹಾಗೇ ಬಲ ಮೂಲೆ ಒತ್ತಿದರೆ ರೈಟ್ ಕ್ಲಿಕ್ ಆಗಬೇಕು ಅನ್ನುವುದಕ್ಕೆ ಟಿಕ್ ಇದೆಯಾ ನೋಡಿ. ಟಿಕ್ ಇಲ್ಲದಿದ್ದರೂ ಕೈಗೆ ಟಕ್ ಅಂತ ಸಿಗಲೇಬೇಕು, ಅದು ಸಾಫ್ಟ್‌ವೇರಿನ ವಿಷಯ ಅಲ್ಲ.

ಹೊಸನಗರದ_ಅಕ್ಕ

ಈಗ ಕಾಗದದ ವಿಷಯ. ನಮ್ಮ ಮನೆಯವರ ಲ್ಯಾಪ್‌ಟಾಪಿನ ಕೀಬೋರ್ಡ್ ಕೆಟ್ಟಾಗ ಇದೆಲ್ಲ ಮಾಡಿ ದುಡ್ಡು ವಾಪಸ್ ಪಡೆದಿದ್ದೇವೆ, ಅದಕ್ಕೆ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. ‘ಪ್ರಾಬ್ಲಂ ಇಲ್ಲ’ ಅಂದರೂ ಪರವಾಗಿಲ್ಲ, ಜಾಬ್ ಶೀಟಿನಲ್ಲಿ (ಅವರು ಕೊಡುವ ಸರ್ವಿಸ್ ಚೀಟಿ) ಅದನ್ನೇ ಬರೆದುಕೊಡಲಿ, ನೀವು ಹೇಳಿದ ತೊಂದರೆ ನೀವು ಹೇಳಿದ ಮಾತಿನಲ್ಲೇ ಅದರಲ್ಲಿ ಇರಲಿ. ‘ಕಸ್ಟಮರ್ ಕಂಪ್ಲೇಂಟ್ ಟಚ್‌ಪ್ಯಾಡ್’ ಅಂತ ಮೂರು ಪದ ಬರೆದರೆ ಒಪ್ಪಬೇಡಿ. ‘ಬಲಗಡೆ ಕೆಳ ಮೂಲೆಯಲ್ಲಿ ಕ್ಲಿಕ್ ಆಗುವುದಿಲ್ಲ, ಬ್ಯಾಟರಿಯಲ್ಲೂ ಆಗುವುದಿಲ್ಲ’ ಅಂತ ಬರೆಸಿ. ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ಸೀರಿಯಲ್ ನಂಬರ್ ಸ್ಟಿಕ್ಕರಿನಿಂದ ಶುರು ಮಾಡಿ, ನಡುವೆ ಕಟ್ ಮಾಡದೆ, ಚಾರ್ಜರ್ ಇಲ್ಲದ್ದನ್ನು ತೋರಿಸಿ, ಎಡ ಮೂಲೆ, ಬಲ ಮೂಲೆ ಎರಡನ್ನೂ ಒತ್ತಿ ತೋರಿಸಿ. ಶಬ್ದ ಕೇಳುವ ಹಾಗೆ ಇರಲಿ.

ಕಾನೂನು ನಿಮ್ಮ ಕಡೆಗೇ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷ ಇರುವ ವಸ್ತುವನ್ನು ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ಆ ಅಂಗಡಿಗೆ ದೂರು ಅಧಿಕಾರಿ ಇರಬೇಕು, ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಕೊಡುವವರಲ್ಲ, ಆದರೆ ದೂರನ್ನು ಕಂಪನಿಗೆ ಕಳಿಸುತ್ತಾರೆ. ನಮ್ಮ ವಿಷಯದಲ್ಲಿ ಕಂಪನಿ ಅಲ್ಲಾಡಿದ್ದು ಆಮೇಲೆಯೇ.

ಕೊನೆಯದು ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ಅಂಗಡಿ ಬೆಂಗಳೂರಿನದೋ ದೆಹಲಿಯದೋ, ಅಲ್ಲಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ, 2 ವರ್ಷದೊಳಗೆ ಹಾಕಬೇಕು ಅಷ್ಟೇ.

ನನ್ನ ಅಭಿಪ್ರಾಯ: ರಿಪೇರಿಗೆ ಒಪ್ಪಬೇಡಿ. ಹೊಸದನ್ನು ಬಿಚ್ಚಿಸಿಕೊಳ್ಳಲು ನೀವು ದುಡ್ಡು ಕೊಟ್ಟಿಲ್ಲ.

ದುರ್ಗಿಗುಡಿ_ರಿಪೇರಿ

ಅಕ್ಕ ಹೇಳಿದ್ದರಲ್ಲಿ ಕೊನೆಯ ಮಾತೊಂದಕ್ಕೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಟಚ್‌ಪ್ಯಾಡ್ ಬದಲಾಯಿಸುವುದು ದೊಡ್ಡ ಕೆಲಸವೇನಲ್ಲ. ತಳದ ಕವರ್ ತೆಗೆದು, ಬ್ಯಾಟರಿ ಬಿಚ್ಚಿ, ಒಂದು ರಿಬ್ಬನ್ ಕೇಬಲ್, ಕೆಲವು ಸ್ಕ್ರೂ. ಬದಲಾವಣೆಯ ಗಡುವು ಮುಗಿದವರು ವಾರಂಟಿಯಲ್ಲಿ ಮಾಡಿಸಿಕೊಂಡರೆ ನಷ್ಟ ಇಲ್ಲ. ಆದರೆ ಇವರಿಗೆ ಗಡುವು ಇನ್ನೂ ಇದೆ, ಹಾಗಾಗಿ ಇವರ ಮಟ್ಟಿಗೆ ಅಕ್ಕನ ಮಾತೇ ಸರಿ. ಒಮ್ಮೆ ರಿಪೇರಿಗೆ ಸಹಿ ಹಾಕಿದರೆ ಅಂಗಡಿಯವರು ‘ರಿಪೇರಿ ಆಗಿದೆಯಲ್ಲ’ ಅಂತ ಜಾರಿಕೊಳ್ಳುತ್ತಾರೆ. ನಮ್ಮಂಥ ಹೊರಗಿನ ಅಂಗಡಿಯಲ್ಲಿ ಅಂತೂ ಈಗ ಬಿಚ್ಚಿಸಲೇಬೇಡಿ, ವಾರಂಟಿಗೆ ತಕರಾರು ಬರುತ್ತದೆ.

ಕೋಣಂದೂರು_ತೋಟ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಹೇಳಿದ್ದನ್ನೆಲ್ಲ ಮಾಡಿ ನೋಡಿದೆವು.

ಚಾರ್ಜರ್ ತೆಗೆದ ಕೂಡಲೇ ಕರ್ಸರ್ ಶಾಂತವಾಯಿತು, ಹಾರುವುದು ನಿಂತೇಹೋಯಿತು. ಹಾಕಿದರೆ ಮತ್ತೆ ಶುರು. ಊರಿನ ಎಲೆಕ್ಟ್ರಿಷಿಯನ್ ಕರೆಸಿದೆವು. ಫೇಸ್‌ಗೂ ಅರ್ಥ್‌ಗೂ ಮೀಟರ್ ಹಿಡಿದರೆ 230ರ ಹತ್ತಿರ ಬರಬೇಕಂತೆ, ನಮ್ಮ ಜಗುಲಿಯ ಸಾಕೆಟ್ಟಿನಲ್ಲಿ ಸರಿಯಾಗಿ ಬರಲೇ ಇಲ್ಲ. ಅರ್ಥ್ ತಂತಿ ಬೋರ್ಡಿನ ಒಳಗೇ ತುಂಡಾಗಿತ್ತು. ಅದನ್ನು ಜೋಡಿಸಿ, ಹಿತ್ತಲಿನ ಅರ್ಥ್ ಗುಂಡಿಗೂ ಇದ್ದಿಲು, ಉಪ್ಪು ಹಾಕಿ ನೀರು ಬಿಟ್ಟರು. ಈಗ ಚಾರ್ಜರ್ ಹಾಕಿದರೂ ಕರ್ಸರ್ ನಡುಗುವುದಿಲ್ಲ. ಮಿಕ್ಸಿ, ಫ್ರಿಜ್ ಎಲ್ಲ ಅರ್ಥ್ ಇಲ್ಲದೆ ಓಡುತ್ತಿದ್ದವು ಅಂತ ಗೊತ್ತಾಗಿ ಅಮ್ಮ ಹೆದರಿದರು, ಹಾಗಾಗಿ ಬಾಕಿ ಸಾಕೆಟ್‌ಗಳನ್ನೂ ನೋಡಿಸಿದೆವು.

ಬಲ ಮೂಲೆ ಮಾತ್ರ ಹಾಗೇ ಇದೆ. ಬ್ಯಾಟರಿಯಲ್ಲೂ ಇಲ್ಲ, ಉಬುಂಟುವಿನಲ್ಲೂ ಇಲ್ಲ. ತಳ ಉಬ್ಬಿಲ್ಲ. ಅಕ್ಕ ಹೇಳಿದಂತೆ ವಿಡಿಯೋ ಮಾಡಿ, ಸರ್ವಿಸ್ ಸೆಂಟರಿಗೆ ಹೋಗಿ ಕರ್ಸರ್ ವಿಷಯ ಎತ್ತದೆ ಮೂಲೆಯದೊಂದನ್ನೇ ಹೇಳಿದೆ. ಮೊದಲು ಬರೆಯಲು ಒಪ್ಪಲಿಲ್ಲ. ಬರೆಯಲು ಆಗದಿದ್ದರೆ ಆಗುವುದಿಲ್ಲ ಅಂತಲೇ ಬರೆದು ಸೀಲ್ ಹಾಕಿಕೊಡಿ ಅಂದಾಗ ಒಳಗಿನಿಂದ ಇನ್ನೊಬ್ಬರು ಬಂದು ಒತ್ತಿ ನೋಡಿ ‘ಕ್ಲಿಕ್ ಸ್ವಿಚ್ ದೋಷ’ ಅಂತ ಜಾಬ್ ಶೀಟಿನಲ್ಲಿ ಬರೆದುಕೊಟ್ಟರು. ಅದನ್ನು ಆ್ಯಪ್‌ನಲ್ಲಿ ಹಾಕಿದ ಮೇಲೆ ಬದಲಾವಣೆ ಒಪ್ಪಿದ್ದಾರೆ. ಹಳೆಯದನ್ನು ತೆಗೆದುಕೊಂಡು ಹೋಗಲು ಬರುತ್ತಾರಂತೆ. ಕೊಡುವ ಮೊದಲು ಏನಾದರೂ ಮಾಡಬೇಕಾ?

ಸಾಗರ_ಲಿನಕ್ಸ್

ತಂಗಿಯ ಫೈಲುಗಳನ್ನು ಕಾಪಿ ಮಾಡಿಕೊಂಡು, ಅಕೌಂಟ್ ಸೈನ್ ಔಟ್ ಮಾಡಿ, ಎಲ್ಲ ಅಳಿಸುವ ಆಯ್ಕೆಯಲ್ಲಿ ರೀಸೆಟ್ ಮಾಡಿ ಕೊಡಿ. ಲ್ಯಾಪ್‌ಟಾಪಿನ ಜೊತೆಗೆ ಎಂಎಸ್ ಆಫೀಸ್ (ವರ್ಡ್, ಎಕ್ಸೆಲ್) ಬಂದಿದ್ದರೆ ಅದು ಯಾವ ಅಕೌಂಟಿಗೆ ಸೇರಿಕೊಂಡಿದೆ ಅಂತ ಬರೆದಿಟ್ಟುಕೊಳ್ಳಿ.

ಹೊಸನಗರದ_ಅಕ್ಕ

ಒಳ್ಳೆಯದಾಯಿತು! ಡಬ್ಬ, ಚಾರ್ಜರ್, ಬಿಲ್ಲು ಎಲ್ಲದರ ಫೋಟೋ ತೆಗೆದಿಡಿ, ಒಯ್ಯುವವರ ಹತ್ತಿರ ರಸೀದಿ ಇಲ್ಲದೆ ಕೊಡಬೇಡಿ. ಹೊಸದು ಬಂದಾಗ ಡಬ್ಬ ಒಡೆಯುವುದನ್ನು ವಿಡಿಯೋ ಮಾಡಿ, ಆನ್ ಮಾಡಿದ ಕೂಡಲೇ ನಾಲ್ಕೂ ಮೂಲೆ ಒತ್ತಿ ನೋಡಿ. ವಾರಂಟಿ ತಾರೀಕು ಹೊಸ ಸೀರಿಯಲ್ ನಂಬರಿಗೆ ಸರಿಯಾಗಿ ಬಿದ್ದಿದೆಯಾ ಅಂತ ಕಂಪನಿಯ ವೆಬ್‌ಸೈಟಿನಲ್ಲಿ ಅವತ್ತೇ ನೋಡಿಕೊಳ್ಳಿ, ತಪ್ಪಿದ್ದರೆ ಬಿಲ್ ಕಳಿಸಿ ಸರಿ ಮಾಡಿಸಿ.