ಪದಚರ್ಚೆ: ಲ್ಯಾಪ್‌ಟಾಪ್‌ನ ‘ಪೋರ್ಟ್’ಗೆ ಏನೆಂದು ಬರೆಯಲಿ? ನಾಳೆ ಸಂಜೆಯೊಳಗೆ ಬೇಕು

ಬೇಲೂರು ಕಡೆಯಿಂದ, ಬುಧವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ಬೇಲೂರಿನ ಹತ್ತಿರದ ಹಳ್ಳಿಯೊಂದರ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ಸಂಜೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಬರುವವರು ಜಾಸ್ತಿ ಸ್ವಸಹಾಯ ಸಂಘದ ಹೆಂಗಸರು. ಮೂರು ಹಳೆಯ ಲ್ಯಾಪ್‌ಟಾಪ್ ಇವೆ. ಗೋಡೆಗೆ ಹಾಕಲು ಒಂದು ದೊಡ್ಡ ಪಟ ಮಾಡಿಸುತ್ತಿದ್ದೇನೆ. ನಡುವೆ ಲ್ಯಾಪ್‌ಟಾಪ್ ಚಿತ್ರ, ಸುತ್ತ ಬಾಣದ ಗುರುತು, ಒಂದೊಂದಕ್ಕೂ ಕನ್ನಡದಲ್ಲಿ ಹೆಸರು. ನಾಳೆ ಸಂಜೆ ಐದರೊಳಗೆ ಬರಹ ಕಳಿಸಿದರೆ ಶನಿವಾರಕ್ಕೆ ಪ್ರಿಂಟ್ ಕೊಡುತ್ತೇವೆ ಎಂದು ಹಾಸನದ ಫ್ಲೆಕ್ಸ್ ಅಂಗಡಿಯವರು ಹೇಳಿದ್ದಾರೆ.

ಮುಚ್ಚಳ, ಪರದೆ, ಕೀಲಿಮಣೆ, ಕೀಲು, ಅಡಿಯ ರಬ್ಬರ್ ಕಾಲು ಎಲ್ಲ ಸಲೀಸಾಗಿ ಬಂದವು. ಕ್ಯಾಮೆರಾ ಕ್ಯಾಮೆರಾನೇ. ಸಿಕ್ಕಿಹಾಕಿಕೊಂಡಿದ್ದು ಪಕ್ಕದ ತೂತುಗಳಲ್ಲಿ. ಅನುವಾದ ಮಾಡುವ ತಂತ್ರಾಂಶಕ್ಕೆ ‘ಪೋರ್ಟ್’ ಎಂದು ಕೊಟ್ಟರೆ ‘ಬಂದರು’ ಎಂದಿತು. ಬಂದರು ಮಂಗಳೂರಿನಲ್ಲಿದೆ, ಲ್ಯಾಪ್‌ಟಾಪ್‌ನಲ್ಲಿ ಅಲ್ಲ.

ಪದಕ್ಕೆ ಇಷ್ಟು ಯಾಕೆ ಒದ್ದಾಡುತ್ತಿದ್ದೇನೆ ಎಂದರೆ, ಹೋದ ವಾರ ಒಬ್ಬರು ಪೆನ್‌ಡ್ರೈವ್ ಅನ್ನು ನೆಟ್ ವೈರಿನ ಜಾಗಕ್ಕೆ ತೂರಿಸಿಬಿಟ್ಟರು. ಅದು ಒಳಗೂ ಹೋಯಿತು. ಎರಡೂ ಸುಮಾರು 12 ಮಿಲಿಮೀಟರ್ ಅಗಲ. ಒಳಗೆ ಸಾಲಾಗಿರುವ ಎಂಟು ಹೊಳಪಿನ ತಂತಿಗಳಲ್ಲಿ ಎರಡು ಬಾಗಿಹೋದವು. ತಪ್ಪು ಅವರದಲ್ಲ. ‘ಪಕ್ಕದ ಪೋರ್ಟಿಗೆ ಹಾಕಿ’ ಎಂದವಳು ನಾನು. ಅವರು ಪಕ್ಕದ ಪೋರ್ಟಿಗೇ ಹಾಕಿದ್ದರು.

ದೀಪಗಳಿಗೂ ಮಾತು ಬೇಕು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜ್ ಆಗುವಾಗ ಕಿತ್ತಳೆ ಬಣ್ಣ, ತುಂಬಿದ ಮೇಲೆ ಬಿಳಿ. ಮುಚ್ಚಳ ಹಾಕಿದರೆ ಬಿಳಿ ದೀಪ ಮೆಲ್ಲಗೆ ಹತ್ತಿ ಆರುತ್ತದೆ. ಮೊನ್ನೆ ಒಬ್ಬರು ಅದನ್ನು ತುಂಬ ಹೊತ್ತು ನೋಡಿ, ‘ಮಲಗಿದೆ ಮೇಡಂ, ಉಸಿರಾಡ್ತಿದೆ’ ಎಂದರು. ಇಷ್ಟು ಚೆನ್ನಾಗಿ ನನಗೆ ಹೇಳಲು ಬಂದಿರಲಿಲ್ಲ. ನನಗೆ ಬೇಕಾಗಿರುವುದೂ ಇಂಥ ಮಾತೇ.

ಅರಸೀಕೆರೆಯಿಂದ, ಬುಧವಾರ ಬೆಳಿಗ್ಗೆ

ಸಂಪರ್ಕ ದ್ವಾರ. ಸೂಚಕ ದೀಪ. ಎರಡೂ ಚಾಲ್ತಿಯಲ್ಲಿವೆ. ಹೊಸದಾಗಿ ಹುಡುಕುವ ಅಗತ್ಯ ಇಲ್ಲ.

ಚಿಕ್ಕಮಗಳೂರಿನಿಂದ, ಬುಧವಾರ ಮಧ್ಯಾಹ್ನ

ದ್ವಾರ ಬೇಡವೇ ಬೇಡ. ದ್ವಾರ ಎಂದರೆ ದೇವಸ್ಥಾನದ ಮಹಾದ್ವಾರ ಕಣ್ಣಿಗೆ ಬರುತ್ತದೆ. ಕಿರುಬೆರಳೂ ಹೋಗದ ಜಾಗಕ್ಕೆ ದ್ವಾರ ಎನ್ನುವುದು ಹೇಗೆ?

‘ಬಂದರು’ ಯಾಕೆ ಬಂತು ಎಂಬುದು ಗೊತ್ತಿರಲಿ. ಲ್ಯಾಟಿನ್‌ನಲ್ಲಿ ಪೋರ್ಟಾ ಎಂದರೆ ಬಾಗಿಲು, ಪೋರ್ಟುಸ್ ಎಂದರೆ ಹಡಗು ನಿಲ್ಲುವ ಜಾಗ. ಇಂಗ್ಲಿಷಿಗೆ ಬರುವಾಗ ಎರಡೂ ಒಂದೇ ರೂಪ ತಾಳಿದವು. ತಂತ್ರಾಂಶ ತಪ್ಪಾದದ್ದನ್ನು ಎತ್ತಿಕೊಂಡಿತು. ಸಾಲದ್ದಕ್ಕೆ ಬಂದರು ಪಾರಸಿ ಪದ.

ಈಗ ನಮ್ಮ ‘ಬಾಗಿಲು’ ನೋಡಿ. ಬಾಯಿ ಮತ್ತು ಇಲ್. ಇಲ್ ಎಂದರೆ ಮನೆ. ಮನೆಯ ಬಾಯಿಯೇ ಬಾಗಿಲು. ತಮಿಳಿನ ವಾಯಿಲ್ ಕೂಡ ಇದೇ. ಅಂದರೆ ಒಳಗೆ ಹೋಗುವ ಜಾಗಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರು ಬಾಯಿ. ಚೀಲದ ಬಾಯಿ, ಕೊಡದ ಬಾಯಿ, ಹುತ್ತದ ಬಾಯಿ ಎಂದು ಇವತ್ತಿಗೂ ಹೇಳುತ್ತೇವೆ. ಹಾಗಾಗಿ ಚಾರ್ಜರ್ ಬಾಯಿ, ಪೆನ್‌ಡ್ರೈವ್ ಬಾಯಿ. ದೀಪವೂ ಸಂಸ್ಕೃತ. ಹಳಗನ್ನಡದ ‘ಸೊಡರು’ ಇದೆ. ಅದನ್ನು ಮತ್ತೆ ಬಳಕೆಗೆ ತರಲು ಇಂಥ ಪಟಗಳೇ ಸರಿಯಾದ ಜಾಗ.

ಸಕಲೇಶಪುರದಿಂದ, ಬುಧವಾರ ಮಧ್ಯಾಹ್ನ

ಬಾಯಿ ಎಂದರೆ ನುಂಗುವುದು. ತುಂಬಿಸುವ ಪಾತ್ರೆಗೆ ಸರಿ, ಸಿಕ್ಕಿಸುವ ಜಾಗಕ್ಕೆ ಸರಿಯಲ್ಲ.

ಕಿಂಡಿ ಎನ್ನಿ. ಉಡುಪಿಯ ಕನಕನ ಕಿಂಡಿ ಗೊತ್ತಿಲ್ಲದ ಕನ್ನಡಿಗರು ಯಾರಿದ್ದಾರೆ? ಕಂಡಿ, ಕಿಂಡಿ, ಗಂಡಿ ಮೂರೂ ಒಂದೇ ಬುಡದ ಪದಗಳು. ತುಳುವಿನಲ್ಲಿ ಕಂಡಿ, ತೆಲುಗಿನಲ್ಲಿ ಗಂಡಿ, ತಮಿಳಿನಲ್ಲಿ ಕಂಟಿ. ನಮ್ಮ ಕಡೆ ಬೇಲಿಯಲ್ಲಿ ದನ ನುಗ್ಗಿ ಆಗುವ ಜಾಗಕ್ಕೆ ಕಂಡಿ ಎನ್ನುತ್ತೇವೆ. ಗೋಡೆಯಲ್ಲಿ ಬೇಕೆಂದೇ ಬಿಟ್ಟ ಸಣ್ಣ ಜಾಗ ಕಿಂಡಿ. ಲ್ಯಾಪ್‌ಟಾಪ್ ಮಾಡಿದವರು ಬೇಕೆಂದೇ ಬಿಟ್ಟ ಜಾಗ ಅದು. ಆದ್ದರಿಂದ ಕಿಂಡಿ.

ಕಡೂರಿನಿಂದ, ಬುಧವಾರ ಸಂಜೆ

ನಮ್ಮದು ಅಯ್ಯನಕೆರೆ ನೀರಿನ ಸೀಮೆ. ‘ತೂಬು’ ಯಾಕಾಗಬಾರದು? ಒಳಗಿರುವುದನ್ನು ಬೇಕಾದಷ್ಟೇ ಬಿಡುವ ಜಾಗ. ಬಯಲುಸೀಮೆಯ ರೈತರಿಗೆ ಇದಕ್ಕಿಂತ ಗೊತ್ತಿರುವ ಪದ ಇಲ್ಲ.

ಸಕಲೇಶಪುರದಿಂದ, ಬುಧವಾರ ಸಂಜೆ

ತೂಬಿನಲ್ಲಿ ನೀರು ಹೊರಗೆ ಮಾತ್ರ ಹೋಗುತ್ತದೆ. ಇಲ್ಲಿ ಒಳಗೂ ಬರಬೇಕು, ಹೊರಗೂ ಹೋಗಬೇಕು. ಆಗಲ್ಲ.

ಬೇಲೂರು ಕಡೆಯಿಂದ, ಬುಧವಾರ ರಾತ್ರಿ

ಎಲ್ಲರಿಗೂ ಧನ್ಯವಾದ. ಇವತ್ತು ತರಗತಿ ಇತ್ತು. ಪರೀಕ್ಷೆ ಮಾಡಿಯೇ ನೋಡಿದೆ. ‘ಈ ದ್ವಾರಕ್ಕೆ ಹಾಕಿ’ ಎಂದೆ, ನನ್ನ ಮುಖ ನೋಡಿದರು. ‘ಈ ಬಾಯಿಗೆ’ ಎಂದೆ, ನಕ್ಕರು. ‘ಈ ಕಿಂಡಿಗೆ’ ಎಂದೆ, ಬೆರಳು ನೇರ ಅಲ್ಲಿಗೇ ಹೋಯಿತು. ಹಾಗಾಗಿ ಕಿಂಡಿ ಎಂದು ಇಟ್ಟುಕೊಂಡಿದ್ದೇನೆ. ಚಿಕ್ಕಮಗಳೂರಿನ ಗುರುಗಳು ಬೇಸರ ಮಾಡಿಕೊಳ್ಳಬಾರದು.

ಉಳಿದಿದ್ದು ಎರಡು. ಚಾರ್ಜರ್ ಜಾಗಕ್ಕೆ ‘ವಿದ್ಯುತ್ ಕಿಂಡಿ’ ಎನ್ನಬಹುದೇ? ಬಿಸಿ ಗಾಳಿ ಹೊರಗೆ ಹೋಗುವ ಸೀಳುಗಳಿಗೆ ಏನು? ಇದು ಮುಖ್ಯ. ಮನೆಯಲ್ಲಿ ಕಂಬಳಿ ಮೇಲೆ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಸೀಳು ಮುಚ್ಚಿ ಯಂತ್ರ ಕಾದು ತಾನಾಗಿಯೇ ಆಫ್ ಆಗುತ್ತದೆ.

ಅರಸೀಕೆರೆಯಿಂದ, ಬುಧವಾರ ರಾತ್ರಿ

‘ವಿದ್ಯುತ್ ಕಿಂಡಿ’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಒಪ್ಪುವುದಿಲ್ಲ. ಗೋಡೆಯ ಮೇಲೆ ಮಕ್ಕಳೂ ಓದುವ ಪಟದಲ್ಲಿ ತಪ್ಪು ಸಮಾಸ ಬೇಡ.

ಸಕಲೇಶಪುರದಿಂದ, ಬುಧವಾರ ರಾತ್ರಿ

ದಿನಗೂಲಿ? ಮುಖಬೆಲೆ? ನೀವೂ ದಿನಾ ಬಳಸುತ್ತೀರಿ.

ಅರಸೀಕೆರೆಯಿಂದ, ಬುಧವಾರ ರಾತ್ರಿ

ರೂಢಿಗೆ ಬಂದದ್ದು ಬೇರೆ. ನಾವೇ ಕೂತು ಹೊಸದಾಗಿ ಕಟ್ಟುವುದು ಬೇರೆ.

ಹಾಸನದಿಂದ, ಗುರುವಾರ ಬೆಳಿಗ್ಗೆ

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ಸಮಾಸ ನನಗೆ ಗೊತ್ತಿಲ್ಲ. ಕೌಂಟರಿನಲ್ಲಿ ಕೇಳುವ ಮಾತು ಹೇಳುತ್ತೇನೆ.

ಯಾರೂ ವಿದ್ಯುತ್ ಎನ್ನುವುದಿಲ್ಲ. ‘ಚಾರ್ಜರ್ ಪಿನ್ ಹೋಗೋ ತೂತು ಲೂಸ್ ಆಗಿದೆ’ ಎನ್ನುತ್ತಾರೆ. ಹಾಗಾಗಿ ‘ಚಾರ್ಜರ್ ಕಿಂಡಿ’ ಎಂದು ಬರೆಯಿರಿ ಮೇಡಂ. ಅಲ್ಲಿಗೆ ಜಗಳವೂ ಮುಗಿಯಿತು.

ಇನ್ನೊಂದು ಮಾತು. ಯುಎಸ್‌ಬಿ (ಪೆನ್‌ಡ್ರೈವ್ ಹಾಕುವುದು), ಎಚ್‌ಡಿಎಂಐ (ಟಿವಿಗೆ ಜೋಡಿಸುವುದು) ಇವೆಲ್ಲ ಹೆಸರುಗಳು. ಹೆಸರನ್ನು ಅನುವಾದ ಮಾಡಲು ಹೋಗಬೇಡಿ. ನಾಳೆ ಅವರು ಅಂಗಡಿಗೆ ಹೋಗಿ ಕೇಬಲ್ ಕೇಳಬೇಕಾದರೆ ಅದೇ ಹೆಸರಲ್ಲೇ ಕೇಳಬೇಕು. ಆದರೆ ಹೆಸರಿನ ಮುಂದೆ ಆಕಾರ ಬರೆಯಿರಿ. ಯುಎಸ್‌ಬಿ ಎ ಚಪ್ಪಟೆ, ಉದ್ದ ಚೌಕ. ಒಳಗೆ ನಾಲಿಗೆಯಂಥ ಪಟ್ಟಿ ಇರುತ್ತದೆ. ಆ ಪಟ್ಟಿ ನೀಲಿ ಇದ್ದರೆ ಸಾಮಾನ್ಯವಾಗಿ ಜೋರು ವೇಗದ್ದು. ಟೈಪ್ ಸಿ ಸಣ್ಣದು, ಎರಡು ತುದಿಯೂ ದುಂಡು. 24 ಪಿನ್ ಇದ್ದರೂ ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ಎಚ್‌ಡಿಎಂಐಗೆ 19 ಪಿನ್, ಕೆಳಗಿನ ಎರಡು ಮೂಲೆ ಒಳಕ್ಕೆ ಓರೆ. ಹೆಡ್‌ಫೋನಿನದು 3.5 ಮಿಲಿಮೀಟರ್ ದುಂಡು ತೂತು. ನೆಟ್ ವೈರಿನದು ಹೆಚ್ಚುಕಡಿಮೆ ಚೌಕ, ಒಂದು ಬದಿಯಲ್ಲಿ ಕ್ಲಿಪ್ ಕೂರುವ ಹಳ್ಳ. ಆ ಹಳ್ಳ ಕಂಡರೆ ಪೆನ್‌ಡ್ರೈವ್ ಹಾಕಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ನಿಮ್ಮಲ್ಲಿ ಆದಂಥ ಕೇಸ್ ನಾನೂ ನೋಡಿದ್ದೇನೆ.

ಅಂಚಿನಲ್ಲಿ ಒಂದು ಸಣ್ಣ ಸೀಳು ಇರುತ್ತದೆ, 7 ಮಿಲಿಮೀಟರ್ ಉದ್ದ, 3 ಅಗಲ. ಮೆಮೊರಿ ಕಾರ್ಡ್ ಹೋಗುತ್ತದೆ ಎಂದುಕೊಂಡು ಅದಕ್ಕೆ ಏನೇನೋ ತುರುಕುತ್ತಾರೆ. ಅದು ಬೀಗದ ಕೇಬಲ್ ಹಾಕುವ ಜಾಗ. ‘ಬೀಗದ ಕಿಂಡಿ’ ಅನ್ನಬಹುದು ಅಲ್ವಾ?

ಬೇಲೂರಿನಿಂದ ಇನ್ನೊಬ್ಬರು, ಗುರುವಾರ ಬೆಳಿಗ್ಗೆ

ಗಾಳಿ ಸೀಳಿಗೆ ಮತ್ತು ಸ್ಪೀಕರ್ ಮುಂದಿನ ಸಣ್ಣ ತೂತುಗಳಿಗೆ ‘ಜಾಲಂಧ್ರ’ ಇದೆಯಲ್ಲ! ಚೆನ್ನಕೇಶವ ದೇವಸ್ಥಾನದ ನವರಂಗದಲ್ಲಿ ನಿಂತು ನೋಡಿ. ಗಾಳಿ, ಬೆಳಕು ಎರಡೂ ಬರುವ ಹಾಗೆ ಕಲ್ಲನ್ನೇ ತೂತು ತೂತಾಗಿ ಕೊರೆದಿದ್ದಾರೆ. ನಮ್ಮ ಊರಿನ ಪದ, ನಮ್ಮ ಊರಿನ ಪಟಕ್ಕೆ ಬರಲಿ.

ಚಿಕ್ಕಮಗಳೂರಿನಿಂದ, ಗುರುವಾರ ಬೆಳಿಗ್ಗೆ

ಯುಎಸ್‌ಬಿ ಹಾಗೇ ಇರಲಿ, ಚಾರ್ಜರ್ ಹಾಗೇ ಇರಲಿ, ಎಚ್‌ಡಿಎಂಐ ಹಾಗೇ ಇರಲಿ. ಹಾಗಾದರೆ ಪಟದಲ್ಲಿ ಕನ್ನಡ ಎಲ್ಲಿ ಉಳಿಯಿತು? ಎರಡೇ ಅಕ್ಷರದ ‘ಕಿಂಡಿ’ಯಲ್ಲಿ. ಒಂದೊಂದೇ ಪದ ಬಿಟ್ಟುಕೊಡುತ್ತಾ ಬಂದರೆ ಕೊನೆಗೆ ನಮ್ಮ ಹತ್ತಿರ ಉಳಿಯುವುದು ಪ್ರತ್ಯಯಗಳು ಮಾತ್ರ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಮೂಡಿಗೆರೆಯಿಂದ, ಗುರುವಾರ ಮಧ್ಯಾಹ್ನ

ಗುರುಗಳೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ತೋಟಕ್ಕೆ ಒಮ್ಮೆ ಬನ್ನಿ. ಕಾಫಿ ಎಂಬ ಪದವೇ ಅರಬ್ಬರ ಕಡೆಯಿಂದ ಸುತ್ತಿ ಬಂದದ್ದು. ಬಾಬಾ ಬುಡನ್ ಮೋಖಾದಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರು ಎಂದು ಹೇಳುತ್ತಾರೆ. ಬೀಜದ ಜೊತೆ ಹೆಸರೂ ಬಂತು. ಆಮೇಲೆ ಹಣ್ಣು ಸುಲಿಯುವ ಪಲ್ಪರ್ ಬಂತು, ಸುಲಿದ ಬೀಜಕ್ಕೆ ಪಾರ್ಚ್‌ಮೆಂಟ್ ಬಂತು, ಇಡೀ ಹಣ್ಣಿಗೆ ಚೆರ್ರಿ ಬಂತು. ಅಕ್ಷರ ಬಾರದ ಆಳುಗಳೂ ಇವನ್ನೇ ಹೇಳುತ್ತಾರೆ.

ಆದರೆ ಕೊಯ್ಲಿಗೆ ನಾವು ಕೊಯ್ಲು ಎಂದೇ ಹೇಳುತ್ತೇವೆ. ಒಣಗಿಸುವ ಜಾಗ ಕಣ. ರಾಗಿ ಒಕ್ಕಿದ ಕಣವೇ ಕಾಫಿಗೂ ಕಣವಾಯಿತು. ಅದಕ್ಕೆ ಯಾರೂ ಸಮಿತಿ ಮಾಡಲಿಲ್ಲ. ಯಂತ್ರ ತನ್ನ ಹೆಸರು ತಂದಿತು, ಕೆಲಸ ಮತ್ತು ಜಾಗ ನಮ್ಮ ಹೆಸರಲ್ಲೇ ಉಳಿದವು. ‘ಚಾರ್ಜರ್ ಕಿಂಡಿ’ಯಲ್ಲೂ ಆಗಿರುವುದು ಇದೇ. ನನಗೆ ಇದರಲ್ಲಿ ಸೋಲು ಕಾಣುವುದಿಲ್ಲ.

ಬೇಲೂರಿನಿಂದ, ಗುರುವಾರ ಮಧ್ಯಾಹ್ನ

ಹಲ್ಮಿಡಿ ನಮ್ಮ ತಾಲ್ಲೂಕಿನದೇ. 1936ರಲ್ಲಿ ಬೆಳಕಿಗೆ ಬಂದ ಆ ಶಾಸನ ಸುಮಾರು ಕ್ರಿ.ಶ. 450ರದು ಎನ್ನುತ್ತಾರೆ. ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಒಳಗೂ ಸಂಸ್ಕೃತ ತುಂಬಿದೆ. ಆದರೂ ಅದನ್ನು ಕನ್ನಡ ಶಾಸನ ಎಂದೇ ಓದುತ್ತೇವೆ.

ಚಿಕ್ಕಮಗಳೂರಿನಿಂದ, ಗುರುವಾರ ಮಧ್ಯಾಹ್ನ

ಹಲ್ಮಿಡಿಯನ್ನು ಎಲ್ಲ ಚರ್ಚೆಗೂ ಎಳೆದು ತರಬೇಡಿ. ಅದು ಅರಸರು ಹಾಕಿಸಿದ ಶಾಸನ. ಮೇಡಂ ಕೇಳಿದ್ದು ಹೆಂಗಸರು ಓದುವ ಪಟ. ನೀವು ಹೇಳಿದ ಜಾಲಂಧ್ರವೂ ಅವರ ನಾಲಿಗೆಗೆ ಬರುವುದಿಲ್ಲ.

ಬೇಲೂರು ಕಡೆಯಿಂದ, ಗುರುವಾರ ಮಧ್ಯಾಹ್ನ ಮೂರೂವರೆ

ಬರಹ ಕಳಿಸುವ ಹೊತ್ತಾಯಿತು. ನಾನು ಹೀಗೆ ಬರೆದಿದ್ದೇನೆ.

ಚಾರ್ಜರ್ ಕಿಂಡಿ, ಯುಎಸ್‌ಬಿ ಕಿಂಡಿ, ಟೈಪ್ ಸಿ ಕಿಂಡಿ, ಟಿವಿ ಕಿಂಡಿ (ಎಚ್‌ಡಿಎಂಐ), ಹೆಡ್‌ಫೋನ್ ಕಿಂಡಿ, ನೆಟ್ ವೈರ್ ಕಿಂಡಿ, ಬೀಗದ ಕಿಂಡಿ. ಪ್ರತಿಯೊಂದರ ಪಕ್ಕ ಅದರ ಆಕಾರ ದೊಡ್ಡದಾಗಿ, ಯಂತ್ರದ ಮೇಲಿರುವ ಗುರುತಿನ ಚಿತ್ರವೂ ಇದೆ. ಯುಎಸ್‌ಬಿಯ ಮೂರು ಕವಲಿನ ಗುರುತನ್ನು ನಮ್ಮವರು ಆಗಲೇ ತ್ರಿಶೂಲ ಎಂದು ಕರೆಯುತ್ತಿದ್ದಾರೆ. ಹಾಗಾಗಿ ‘ತ್ರಿಶೂಲದ ಗುರುತು ನೋಡಿ ಪೆನ್‌ಡ್ರೈವ್ ಹಾಕಿ’ ಎಂದು ಬರೆದೆ. ಹಾಸನದ ಅಣ್ಣ ಹೇಳಿದಂತೆ ಹಳ್ಳದ ಎಚ್ಚರಿಕೆ ಕೆಂಪು ಬಣ್ಣದಲ್ಲಿದೆ.

ಸ್ಪೀಕರಿಗೆ ಜಾಲರಿ. ಜಾಲಂಧ್ರ ನನಗೆ ತುಂಬ ಇಷ್ಟವಾಯಿತು. ಆದರೆ ನಮ್ಮವರನ್ನು ಕೇಳಿದಾಗ ಎಲ್ಲರೂ ಜಾಲರಿ ಎಂದರು. ಬಿಸಿ ಗಾಳಿಯ ಜಾಗಕ್ಕೆ ‘ಗಾಳಿಗಂಡಿ’. ಇದು ಸಕಲೇಶಪುರದವರ ಗಂಡಿಯಿಂದ ಬಂತು. ಕೆಳಗೆ ‘ಕಂಬಳಿ, ಹಾಸಿಗೆ ಮೇಲೆ ಇಡಬೇಡಿ’ ಎಂದಿದೆ.

ದೀಪಕ್ಕೆ ದೀಪ ಎಂದೇ ಇಟ್ಟೆ. ಸೊಡರು ಯಾರ ಬಾಯಲ್ಲೂ ಇಲ್ಲ ಗುರುಗಳೇ. ಸೂಚಕ ಬಿಟ್ಟೆ. ದೀಪ ಏನು ಹೇಳುತ್ತದೋ ಅದನ್ನೇ ಬರೆದೆ. ‘ಕಿತ್ತಳೆ: ಚಾರ್ಜ್ ಆಗುತ್ತಿದೆ. ಬಿಳಿ: ತುಂಬಿದೆ. ಹತ್ತಿ ಆರುತ್ತಿದ್ದರೆ: ಮಲಗಿದೆ, ಆಫ್ ಆಗಿಲ್ಲ.’ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಅದಕ್ಕೇ ‘ನಮ್ಮ ಲ್ಯಾಪ್‌ಟಾಪ್‌ನಲ್ಲಿ’ ಎಂದು ಮೇಲೆ ಸೇರಿಸಿದ್ದೇನೆ. ನೆಟ್ ವೈರ್ ಕಿಂಡಿಯ ಪಕ್ಕ ಎರಡು ಪುಟ್ಟ ದೀಪ ಇವೆ. ಒಂದು ಸುಮ್ನೆ ಉರಿಯುತ್ತದೆ, ವೈರ್ ಸರಿಯಾಗಿ ಕೂತಿದೆ ಎಂದು. ಇನ್ನೊಂದು ಮಾಹಿತಿ ಹೋಗಿ ಬರುವಾಗ ಮಿಣುಕುತ್ತದೆ. ‘ಮಿಣುಕು ದೀಪ’ ಎಂದು ಬರೆದೆ. ಮಿಣುಕು ಹುಳ ನೋಡದವರು ಮಲೆನಾಡಲ್ಲಿ ಇಲ್ಲ.

ಚಿಕ್ಕಮಗಳೂರಿನಿಂದ, ಗುರುವಾರ ಸಂಜೆ ನಾಲ್ಕು

ಮಿಣುಕು ಬಹಳ ಚೆನ್ನಾಗಿದೆ. ಗಾಳಿಗಂಡಿಯೂ ಸರಿ. ‘ಟಿವಿ ಕಿಂಡಿ’ ನನಗೆ ಒಪ್ಪಿಗೆ ಇಲ್ಲ. ಪ್ರೊಜೆಕ್ಟರನ್ನೂ ಅದಕ್ಕೇ ಹಾಕುತ್ತಾರೆ. ‘ಪರದೆ ಕಿಂಡಿ’ ಮಾಡಿ. ಐದಕ್ಕೆ ಇನ್ನೂ ಹೊತ್ತಿದೆ.

ಬೇಲೂರು ಕಡೆಯಿಂದ, ಗುರುವಾರ ಸಂಜೆ ನಾಲ್ಕೂಕಾಲು

ಸರಿ ಗುರುಗಳೇ, ಪರದೆ ಕಿಂಡಿ. ಈಗಲೇ ತಿದ್ದಿದೆ.

ಹಾಸನದಿಂದ, ಗುರುವಾರ ಸಂಜೆ ನಾಲ್ಕೂವರೆ

ಮೇಡಂ, ಬರಹವನ್ನು ಪಿಡಿಎಫ್ ಮಾಡಿ ಕಳಿಸಿ. ಯೂನಿಕೋಡ್‌ನಲ್ಲಿ ಹಾಗೇ ಕಳಿಸಿದರೆ ಕೆಲವು ಫ್ಲೆಕ್ಸ್ ಅಂಗಡಿಗಳ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದುಹೋಗುತ್ತವೆ. ‘ಲ್ಯಾಪ್‌ಟಾಪ್’ ಪದದ ಯ ಒತ್ತು, ‘ಪೆನ್‌ಡ್ರೈವ್’ನ ರ ಒತ್ತು ಎರಡನ್ನೂ ಪ್ರಿಂಟಿಗೆ ಹೋಗುವ ಮುಂಚೆ ಫೋಟೊ ತರಿಸಿಕೊಂಡು ನೋಡಿ. ಬಾಗಿದ ಆ ಎರಡು ತಂತಿಯ ಲ್ಯಾಪ್‌ಟಾಪ್ ಇದ್ದರೆ ಶನಿವಾರ ಪಟ ತೆಗೆದುಕೊಳ್ಳಲು ಬರುವಾಗ ಜೊತೆಗೆ ತನ್ನಿ. ನೇರ ಮಾಡಲು ಆಗುತ್ತದಾ ನೋಡೋಣ.