ಬೆಂಕಿ, ನೀರು, ಗಾಳಿ, ಮಣ್ಣಾಗುವ ಪಾತ್ರ ಸಾಯುವುದೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆ ಹೊಸ ಕ್ಲಾಸ್ (ಪಾತ್ರದ ಬಗೆ) ಮಾಡುತ್ತಿದ್ದೇನೆ. 1ನೇ ಲೆವೆಲ್‌ನಿಂದಲೇ ನಾಲ್ಕು ರೂಪ, ಒಂದೊಂದಕ್ಕೂ ಬೇರೆ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಹುದು ಎಂಬ ಲೆಕ್ಕ). ಆಡಿ ನೋಡಿದರೆ ಈ ಪಾತ್ರ ಸಾಯುವುದೇ ಇಲ್ಲ. ಉಳಿದವರು ಸುಮ್ನೆ ಕೂತಿರುತ್ತಾರೆ.

ಉತ್ತರ: ಮೊದಲು ಆ ಬೇರೆ ಬೇರೆ ಹಿಟ್ ಪಾಯಿಂಟ್ ತೆಗೆದುಬಿಡಿ. 2014ರ ನಿಯಮದಲ್ಲಿ ಪ್ರಾಣಿರೂಪ ತಾಳುವ ಮೂನ್ ಡ್ರೂಯಿಡ್‌ಗೂ ಇದೇ ತೊಂದರೆ ಇತ್ತು. 2ನೇ ಲೆವೆಲ್‌ಗೇ ಕಂದು ಕರಡಿಯಾದರೆ 34 ಹಿಟ್ ಪಾಯಿಂಟ್, ಅದು ಮುಗಿದ ಮೇಲೆ ತನ್ನದು ಬೇರೆ. ಅದೇ ಲೆವೆಲ್‌ನ ಫೈಟರ್ ಹತ್ತಿರ ಇರುವುದೇ 20ರ ಆಸುಪಾಸು! 2024ರಲ್ಲಿ ಇದನ್ನು ಬದಲಿಸಿದರು. ಯಾವ ರೂಪದಲ್ಲಿದ್ದರೂ ಹಿಟ್ ಪಾಯಿಂಟ್ ನಿಮ್ಮದೇ, ಮೇಲೆ ಸ್ವಲ್ಪ ಟೆಂಪರರಿ ಸಿಗುತ್ತದೆ ಅಷ್ಟೆ. ನೀವೂ ಹಾಗೇ ಮಾಡಿ.

ಇನ್ನು ರೂಪಗಳು. ನನಗೆ ಜಾಸ್ತಿ ಇಷ್ಟವಾದ ಭಾಗ ಇದು. ಪ್ರತಿ ರೂಪಕ್ಕೂ ಬೇರೆ ಯಾರೂ ಮಾಡಲಾಗದ ಒಂದು ಕೆಲಸ ಕೊಡಿ, ಜೊತೆಗೆ ನಿಜವಾಗಿ ನೋಯಿಸುವ ಒಂದು ಕೊರತೆಯನ್ನೂ ಕೊಡಿ. 2014ರ ಮಾನ್‌ಸ್ಟರ್ ಪುಸ್ತಕದಲ್ಲೇ ಒಳ್ಳೆಯ ಮಾದರಿ ಇದೆ. ಮಣ್ಣಿನ ಎಲಿಮೆಂಟಲ್ (ಮಣ್ಣೇ ಮೈಯಾದ ಜೀವಿ) ನೆಲದೊಳಗೆ ಗುರುತೇ ಉಳಿಸದೆ ಸಾಗುತ್ತದೆ, ಆದರೆ ಥಂಡರ್ (ಗುಡುಗಿನ) ಏಟು ಬಿದ್ದರೆ ಎರಡು ಪಟ್ಟು ಪೆಟ್ಟು. ಬೆಂಕಿಯದು ನೀರಲ್ಲಿ 5 ಅಡಿ ನಡೆದರೆ 1 ಡ್ಯಾಮೇಜ್. ಅಂದರೆ 30 ಅಡಿ ಅಗಲದ ಹೊಳೆಗೆ 6. ಆಚೆ ದಡದಲ್ಲಿ ಗೆಳೆಯರು ಏಟು ತಿನ್ನುತ್ತಿದ್ದಾರೆ ಅಂದುಕೊಳ್ಳಿ. ಬೆಂಕಿಯಾಗಿಯೇ ನುಗ್ಗಿ ಆ 6 ತಿನ್ನಬೇಕಾ, ರೂಪ ಬಿಟ್ಟು ಈಜಬೇಕಾ? ಆಟಗಾರ ಯೋಚಿಸುವುದು ಅಲ್ಲೇ. ಕೊರತೆ ಇಲ್ಲದಿದ್ದರೆ ಬರೀ ನಾಲ್ಕು ಬಣ್ಣದ ಏಟು ಆಗುತ್ತದೆ, ಅಲ್ವಾ?

ಪ್ರಶ್ನೆ: ಗಾಳಿಗೆ 90 ಅಡಿ ಹಾರಾಟ ಕೊಟ್ಟಿದ್ದೇನೆ. ಪುಸ್ತಕದಲ್ಲೂ ಅಷ್ಟೇ ಇದೆ.

ಉತ್ತರ: ಇದೆ, ಆದರೆ 2014ರ ಮೂನ್ ಡ್ರೂಯಿಡ್‌ಗೆ ಎಲಿಮೆಂಟಲ್ ರೂಪ ಸಿಗುತ್ತಿದ್ದದ್ದು 10ನೇ ಲೆವೆಲ್‌ಗೆ. ಅದಕ್ಕೂ ಎರಡು ವೈಲ್ಡ್ ಶೇಪ್ (ರೂಪ ಬದಲಿಸುವ ಅವಕಾಶ) ಒಟ್ಟಿಗೆ ಖರ್ಚು. 1ನೇ ಲೆವೆಲ್‌ಗೇ ಹಾರಿದರೆ ಗುಂಡಿ, ಗೋಡೆ, ಕಾವಲು ಎಲ್ಲ ವ್ಯರ್ಥ. ಮೊದಲಿಗೆ ಉದ್ದ ನೆಗೆತ ಕೊಡಿ, ಬಿದ್ದರೂ ಪೆಟ್ಟಾಗಬಾರದು. ಹಾರಾಟ 5ನೇ ಲೆವೆಲ್‌ಗೆ ಇರಲಿ, ವಿಝಾರ್ಡ್‌ಗೂ ಫ್ಲೈ ಮಂತ್ರ ಆಗಲೇ ಸಿಗುವುದು.

ಪ್ರಶ್ನೆ: ಹಾಗಾದರೆ ಶುರುವಿಗೆ ಎಷ್ಟು ರೂಪ?

ಉತ್ತರ: ಒಂದೇ. ಆಟಗಾರನೇ ಆರಿಸಲಿ. ಎರಡನೆಯದು 3ನೇ ಲೆವೆಲ್‌ಗೆ ಬರಲಿ, ರೂಪ ಬದಲಿಸಲು ಬೋನಸ್ ಆಕ್ಷನ್ (ಸರದಿಯಲ್ಲಿ ಮುಖ್ಯ ಕೆಲಸದ ಜೊತೆ ಮಾಡಬಹುದಾದ ಸಣ್ಣ ಕೆಲಸ) ಸಾಕು. ಎಲ್ಲ ರೂಪದ ಅಂಕಿಗಳೂ ಒಂದೇ ಹಾಳೆಯಲ್ಲಿ ಹಿಡಿಯಬೇಕು. ಪುಟ ತಿರುಗಿಸುತ್ತಾ ಕೂತರೆ ಉಳಿದವರು ಮತ್ತೆ ಕಾಯಬೇಕಾಗುತ್ತದೆ. ಹಾಳೆ ಸಿದ್ಧವಾದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.