ಪಿಎಚ್‌ಡಿ ಇಲ್ದೆ ಐಆರ್ (ಇಂಟರ್‌ನ್ಯಾಷನಲ್ ರಿಲೇಷನ್ಸ್) ಪ್ರೊಫೆಸರ್ ಆದ ರಾಬರ್ಟ್ ಕಾಕ್ಸ್ ಬಗ್ಗೆ ಗೊತ್ತಿರೋರು ಹೇಳ್ತೀರಾ?

ಮಲ್ನಾಡ್‌ಹುಡ್ಗಿ:
ಎಲ್ರಿಗೂ ನಮಸ್ಕಾರ. ಪೊಲಿಟಿಕಲ್ ಸೈನ್ಸ್ ಎಂಎ ಮಾಡ್ತಿದೀನಿ, ಜೊತೆಗೆ ಲೆಕ್ಚರರ್ ಆಗೋಕೆ ಬೇಕಾದ ನೆಟ್ ಪರೀಕ್ಷೆಗೂ ಓದ್ತಿದೀನಿ. ಇಂಟರ್‌ನ್ಯಾಷನಲ್ ರಿಲೇಷನ್ಸ್ ಯುನಿಟ್‌ನಲ್ಲಿ ಕ್ರಿಟಿಕಲ್ ಥಿಯರಿ (ಇರೋ ವ್ಯವಸ್ಥೆನೇ ಪ್ರಶ್ನೆ ಮಾಡೋ ಥಿಯರಿ) ಬರತ್ತಲ್ಲ, ನನ್ನ ಹತ್ರ ಇರೋ ಗೈಡ್‌ನಲ್ಲಿ ರಾಬರ್ಟ್ ಕಾಕ್ಸ್ ಅಂತ ಹೆಸ್ರು, 1981 ಅಂತ ಇಸ್ವಿ, ಆಮೇಲೆ "ಥಿಯರಿ ಅನ್ನೋದು ಯಾವಾಗ್ಲೂ ಯಾರಿಗೋಸ್ಕರನೋ, ಯಾವ್ದೋ ಉದ್ದೇಶಕ್ಕೋ ಇರತ್ತೆ" ಅನ್ನೋ ಒಂದ್ ಸಾಲು, ಅಷ್ಟೇ. ಆ ಮನುಷ್ಯ ಯಾರು ಅಂತ ಹುಡುಕಿದ್ರೆ ಇನ್ನೂ ತಲೆ ಕೆಟ್ಟೋಯ್ತು. ಐಎಲ್‌ಓದಲ್ಲಿ (ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ) ಅಧಿಕಾರಿಯಂತೆ, ಓದಿದ್ದು ಹಿಸ್ಟರಿ ಎಂಎ, ಪಿಎಚ್‌ಡಿ ಇಲ್ವಂತೆ, ಆದ್ರೂ ಸೀದಾ ಕೊಲಂಬಿಯಾ ಯುನಿವರ್ಸಿಟಿಲಿ ಪ್ರೊಫೆಸರ್! ಜಿನೀವಾದಲ್ಲಿ ಕೋಟು ಹಾಕ್ಕೊಂಡು ಫೈಲ್ ನೋಡ್ತಿದ್ದೋರು ಇಟಲಿಯ ಮಾರ್ಕ್ಸಿಸ್ಟ್ ಚಿಂತಕ ಗ್ರಾಮ್ಶಿನ ಹಿಡ್ಕೊಂಡು ರಾಡಿಕಲ್ ಆಗಿದ್ದು ಹೇಗೆ? ಅವ್ರನ್ನ ಮಾರ್ಕ್ಸಿಸ್ಟ್ ಅಂತ ಬರೀಬೋದಾ? ದಯವಿಟ್ಟು ಯಾರಾದ್ರೂ ಬಿಡ್ಸಿ ಹೇಳಿ.

ರಿಟೈರ್ಡ್‌ಮೇಷ್ಟ್ರು:
ಒಳ್ಳೇ ಪ್ರಶ್ನೆ ಕಣಮ್ಮ. ಕಾಕ್ಸ್ ಹುಟ್ಟಿದ್ದು 1926ರಲ್ಲಿ, ಮಾಂಟ್ರಿಯಲ್‌ನಲ್ಲಿ. ಎರಡನೇ ಮಹಾಯುದ್ಧ ನಡೀತಿದ್ದಾಗ ಐಎಲ್‌ಓ ಆಫೀಸು ಜಿನೀವಾ ಬಿಟ್ಟು ಮಾಂಟ್ರಿಯಲ್‌ನ ಮೆಕ್‌ಗಿಲ್ ಯುನಿವರ್ಸಿಟಿ ಜಾಗಕ್ಕೆ ಬಂದು ಕೂತಿತ್ತು, ಈ ಹುಡುಗ ಓದ್ತಿದ್ದದ್ದೂ ಅದೇ ಮೆಕ್‌ಗಿಲ್‌ನಲ್ಲಿ, ಹಾಗಾಗಿ 1946ರಲ್ಲಿ ಎಂಎ ಮುಗೀತು, 1947ರಲ್ಲಿ ಐಎಲ್‌ಓ ಕೆಲಸಕ್ಕೆ ಸೇರ್ಕೊಂಡ್ರು, ಅಲ್ಲಿಂದ ಜಿನೀವಾಗೆ ಹೋದೋರು ಹೆಚ್ಚುಕಮ್ಮಿ 25 ವರ್ಷ ಅಲ್ಲೇ. 1965ರಲ್ಲಿ ಅದರದ್ದೇ ಕಾರ್ಮಿಕ ಅಧ್ಯಯನ ಸಂಸ್ಥೆಗೆ ಡೈರೆಕ್ಟರ್ ಆದ್ರು.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಐಎಲ್‌ಓದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂರೂ ಕಡೆಯೋರು ಕೂತು ಮಾತಾಡೋ ವ್ಯವಸ್ಥೆ. ಪೇಪರ್ ಮೇಲೆ ಚೆಂದ. 1970ರಲ್ಲಿ ವಿಲ್ಫ್ರೆಡ್ ಜೆಂಕ್ಸ್ ಡೈರೆಕ್ಟರ್ ಜನರಲ್ ಆಗಿ ಬಂದು ಸೋವಿಯತ್ ಅಧಿಕಾರಿಯೊಬ್ಬನ್ನ ತಮ್ಮ ಕೈಕೆಳಗಿನ ದೊಡ್ಡ ಹುದ್ದೆಗೆ ಹಾಕ್ಕೊಂಡ್ರು ನೋಡು, ಅಮೆರಿಕದ ಯೂನಿಯನ್ ನಾಯಕ ಜಾರ್ಜ್ ಮೀನಿ ಕೆಂಡಾಮಂಡಲ, ಅಮೆರಿಕನ್ ಕಾಂಗ್ರೆಸ್ಸು ಕೊಡಬೇಕಾದ ದುಡ್ಡೇ ನಿಲ್ಲಿಸ್ತು. ಐಎಲ್‌ಓ ಬಜೆಟ್‌ನಲ್ಲಿ ಕಾಲು ಭಾಗ ಅಮೆರಿಕದ್ದು. ಇದು ಆಗಿದ್ದು ಐಎಲ್‌ಓಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಮರುವರ್ಷವೇ ಅಂದ್ರೆ ನಂಬ್ತೀಯಾ. ಯಾರ ದುಡ್ಡು, ಯಾರ ಮಾತು ಅನ್ನೋದನ್ನ ಕಾಕ್ಸ್ ಪುಸ್ತಕದಲ್ಲಿ ಓದಿ ತಿಳ್ಕೊಳ್ಳಲಿಲ್ಲ, ಒಳಗೇ ಕೂತು ನೋಡಿದ್ರು.

ಅಷ್ಟರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಜೇಕಬ್ಸನ್ ಜೊತೆ ಸೇರಿ ಅಂತಾರಾಷ್ಟ್ರೀಯ ಸಂಸ್ಥೆಗಳಲ್ಲಿ ತೀರ್ಮಾನ ಹೇಗಾಗತ್ತೆ ಅಂತ ಒಂದು ದೊಡ್ಡ ಅಧ್ಯಯನ ಶುರು ಮಾಡಿದ್ರು, ಅದ್ರಲ್ಲಿ ಐಎಲ್‌ಓ ಬಗ್ಗೆ ಅಧ್ಯಾಯ ಇವ್ರದ್ದೇ, ಅದಕ್ಕೆ ಕೊಟ್ಟ ಹೆಸ್ರು "ಸೀಮಿತ ರಾಜಪ್ರಭುತ್ವ", ಅಂದ್ರೆ ಡೈರೆಕ್ಟರ್ ಜನರಲ್ಲೇ ಅಲ್ಲಿ ರಾಜ ಇದ್ದ ಹಾಗೆ! ಯಾವ ಬಾಸ್ ಸುಮ್ನಿರ್ತಾನೆ ಹೇಳು. ಬರೆಯೋ ಸ್ವಾತಂತ್ರ್ಯದ ವಿಷಯಕ್ಕೇ ಜೆಂಕ್ಸ್ ಜೊತೆ ಜಟಾಪಟಿ ಆಗಿ ಕೆಲಸ ಬಿಟ್ರು. 1972ರಲ್ಲಿ ಕೊಲಂಬಿಯಾ, 1977ರಲ್ಲಿ ಟೊರಾಂಟೊದ ಯಾರ್ಕ್ ಯುನಿವರ್ಸಿಟಿ, 1992ರ ತನಕ ಅಲ್ಲೇ ಪಾಠ. ನೀನು ಹೇಳೋ ಆ ಸಾಲು ಇರೋ 1981ರ ಲೇಖನ ಯಾರ್ಕ್‌ನಲ್ಲಿದ್ದಾಗ ಬರೆದಿದ್ದು, ವಯಸ್ಸು ಆಗ್ಲೇ 54-55.

ಪಿಎಚ್‌ಡಿ ವಿಷಯ, ಆ ಕಾಲದಲ್ಲಿ ಇವ್ರೊಬ್ರೇ ಅಲ್ಲ. ಇಂಟರ್‌ನ್ಯಾಷನಲ್ ಪೊಲಿಟಿಕಲ್ ಎಕಾನಮಿಗೆ (ಜಗತ್ತಿನ ರಾಜಕೀಯ, ಆರ್ಥಿಕತೆ ಎರಡನ್ನೂ ಒಟ್ಟಿಗೆ ನೋಡೋ ವಿಷಯ) ಬ್ರಿಟನ್‌ನಲ್ಲಿ ನೆಲೆ ಕಟ್ಟಿಕೊಟ್ಟ ಸೂಸನ್ ಸ್ಟ್ರೇಂಜ್‌ಗೂ ಪಿಎಚ್‌ಡಿ ಇರಲಿಲ್ಲ, ಪತ್ರಕರ್ತೆಯಾಗಿದ್ದೋರು, ಆರು ಮಕ್ಕಳ ತಾಯಿ, 1978ರಲ್ಲಿ ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್) ಪ್ರೊಫೆಸರ್. ಇಬ್ರಿಗೂ ಹೊರಗಿನ ಕೆಲಸನೇ ಡಿಗ್ರಿ.

ಟೊರಾಂಟೊಕನ್ನಡಿಗ:
ಮೇಷ್ಟ್ರು ಚೆನ್ನಾಗಿ ಹೇಳಿದ್ರು, ಆದ್ರೆ ರಾಡಿಕಲ್ ಅನ್ನೋ ಮಾತಿಗೆ ನಂದೊಂದು ತಕರಾರಿದೆ. ಯಾರ್ಕ್ ಅಂದ್ರೆ ಇಲ್ಲಿ ಎಡಪಂಥೀಯ ಪೊಲಿಟಿಕಲ್ ಎಕಾನಮಿಗೆ ಹೆಸರುವಾಸಿ, ಆದ್ರೆ ಅಲ್ಲಿ ಎಲ್ರೂ ಒಂದೇ ರಾಗ ಹಾಡ್ತಿದ್ರು ಅನ್ಕೋಬೇಡಿ. ಅದೇ ಡಿಪಾರ್ಟ್‌ಮೆಂಟ್‌ಗೆ 1984ರಲ್ಲಿ ಲಿಯೋ ಪ್ಯಾನಿಚ್ ಬಂದ್ರು, ವಿನಿಪೆಗ್‌ನ ಕಾರ್ಮಿಕ ಕುಟುಂಬದ ಹುಡುಗ, ಎಲ್‌ಎಸ್‌ಇಲಿ ಪಿಎಚ್‌ಡಿ, ಮಾರ್ಕ್ಸಿಸ್ಟ್ ಚಿಂತಕ ರಾಲ್ಫ್ ಮಿಲಿಬ್ಯಾಂಡ್ ಶಿಷ್ಯ, ಇವ್ರು ಪಕ್ಕಾ ಸೋಷಿಯಲಿಸ್ಟ್. ಜಾಗತಿಕ ಬಂಡವಾಳದ ಬೇಡಿಕೆಗಳನ್ನ ಒಳಗಡೆ ದಾಟಿಸೋ ಬೆಲ್ಟ್ ತರ ಆಗಿದೆ ಸರ್ಕಾರ ಅಂತ ಕಾಕ್ಸ್ ಹೇಳಿದ್ದಕ್ಕೆ ಪ್ಯಾನಿಚ್ 1994ರಲ್ಲಿ ನೇರವಾಗೇ ಬರೆದ್ರು, ಅದು ಮೇಲಿಂದ ಕೆಳಗೆ ಮಾತ್ರ ನೋಡೋ ನೋಟ, ಗ್ಲೋಬಲೈಸೇಷನ್‌ನ ಕಟ್ಟಿದ್ದೇ ಸರ್ಕಾರಗಳು, ದೇಶದೊಳಗಿನ ವರ್ಗಸಂಘರ್ಷ ಬಿಟ್ಟು ನೋಡಿದ್ರೆ ಏನೂ ಅರ್ಥ ಆಗಲ್ಲ ಅಂತ. ನಂಗೆ ಕೇಳಿದ್ರೆ ಈ ಜಗಳದಲ್ಲಿ ಪ್ಯಾನಿಚ್ ಹೇಳಿದ್ದೇ ಸರಿ. 2008ರಲ್ಲಿ ಬ್ಯಾಂಕುಗಳು ಬಿದ್ದಾಗ ಎತ್ತಿ ನಿಲ್ಲಿಸಿದ್ದು ಅಮೆರಿಕದ ಸರ್ಕಾರ ತಾನೇ? ಪ್ಯಾನಿಚ್ 2020ರ ಡಿಸೆಂಬರ್‌ನಲ್ಲಿ ಕೋವಿಡ್ ಬಂದು ತೀರ್ಕೊಂಡ್ರು, ಕಾಕ್ಸ್ 2018ರಲ್ಲೇ ಹೋಗಿದ್ರು, 92 ವರ್ಷ.

ಮಾರ್ಕ್ಸಿಸ್ಟ್ ಅಂತ ಮಾತ್ರ ಬರೀಬೇಡಿ ಮೇಡಂ. ಗ್ರಾಮ್ಶಿ ತಗೊಂಡ್ರು ನಿಜ, ಆದ್ರೆ ಅಷ್ಟೇ ಪ್ರೀತಿಯಿಂದ ವಿಕೋ, ಇಬ್ನ್ ಖಲ್ದೂನ್, ಬ್ರಾಡೆಲ್, ಇ.ಎಚ್. ಕಾರ್ ತರದ ಇತಿಹಾಸದ ಚಿಂತಕರನ್ನೆಲ್ಲ ಓದಿಕೊಂಡೋರು. ಅವ್ರ ತಲೆ ಕೊನೇವರೆಗೂ ಹಿಸ್ಟರಿಯೋರ ತಲೆನೇ.

ಧಾರವಾಡಪೇಢಾ:
ಪ್ಯಾನಿಚ್ ಸರಿ ಇರಬಹುದ್ರಿ ಸರ, ಆದ್ರ ಕಾಕ್ಸ್ ಅವರದು ಒಂದು ಕೆಲಸ ಯಾರೂ ಹೇಳವಲ್ಲರು. 1987ರ ಪುಸ್ತಕದಾಗ ದುಡಿಮೆಯ ಸಂಬಂಧ ಹನ್ನೆರಡು ನಮೂನಿ ಅಂತ ಬಿಡಿಸಿ ಇಟ್ಟಾರ. ಹೊಟ್ಟಿಗಷ್ಟ ಬೆಳಕೊಳ್ಳೋದು, ಜಮೀನ್ದಾರನ ಕೈಯಾಗ ಇರೋ ರೈತ, ಮನಿಯಾಗಿನ ದುಡಿಮಿ, ಸ್ವಂತ ಉದ್ಯೋಗ, ಯೂನಿಯನ್ ಇಲ್ಲದ ಕೂಲಿ, ಯೂನಿಯನ್ ಇರೋ ಫ್ಯಾಕ್ಟರಿ, ಹಿಂಗ. ಎಲ್ಲಾ ಒಂದ ದೇಶದಾಗ ಒಮ್ಮೆಲೆ ಇರತಾವ, ಒಂದರ ಮ್ಯಾಲ ಒಂದು ಕುಂತಿರತಾವ. ಐಎಲ್‌ಓ ಟೇಬಲ್ಲಿಗೆ ಬಂದು ಕುಂದ್ರಾವ್ರು ಯೂನಿಯನ್ ಇರೋರು ಅಷ್ಟ. ಮನಿಯಾಗ ಕುಂತು ಬೀಡಿ ಸುತ್ತೋ ಹೆಣ್ಮಕ್ಕಳು, ಹೊಲದಾಗ ಕಳೆ ಕೀಳಾವ್ರು ಎಲ್ಲಿ ಅದಾರ ಹೇಳ್ರಿ ಅದರಾಗ? ನಾ ಕಾರ್ಮಿಕ ಸಂಘಟನೆದಾಗ ಕೆಲಸ ಮಾಡ್ತೀನಿ, ನನಗ ಆ ಪಟ್ಟಿ ಓದಿದ ಮ್ಯಾಲ ನಮ್ಮ ತಾಲ್ಲೂಕು ಬ್ಯಾರೆನ ಕಂಡಂಗಾತು. ಸಾಲು ಉದ್ಧರಿಸಾವ್ರು ಭಾಳ ಮಂದಿ, ಆ ಹನ್ನೆರಡು ಓದಿದಾವ್ರು ಕಮ್ಮಿ.

ಮಲ್ನಾಡ್‌ಹುಡ್ಗಿ:
ಅಬ್ಬಾ, ಎಲ್ರಿಗೂ ಥ್ಯಾಂಕ್ಸ್! ನಮ್ಮ ಕ್ಲಾಸ್‌ನಲ್ಲಿ ಇದ್ರಲ್ಲಿ ಕಾಲು ಭಾಗನೂ ಹೇಳಿಲ್ಲ. ಮೇಷ್ಟ್ರೇ ಇನ್ನೊಂದು, ಈಗ ನಮ್ಮಲ್ಲಿ ಯಾರಾದ್ರೂ ಕಾಕ್ಸ್ ತರ ಹೊರಗೆ ಕೆಲಸ ಮಾಡಿ ಆಮೇಲೆ ಪಾಠ ಮಾಡೋಕೆ ಬರಬೋದಾ? ಮತ್ತೆ ಅವ್ರದ್ದು ಯಾವ್ದು ಮೊದ್ಲು ಓದ್ಲಿ?

ರಿಟೈರ್ಡ್‌ಮೇಷ್ಟ್ರು:
ಯುಜಿಸಿ 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಮಾಡಿದೆ, ಡಿಗ್ರಿ ಕಡ್ಡಾಯ ಅಲ್ಲ, ಕನಿಷ್ಠ 15 ವರ್ಷ ಅನುಭವ ಕೇಳ್ತಾರೆ, ಆದ್ರೆ ಅದು ಕಾಯಂ ಹುದ್ದೆ ಅಲ್ಲ, ಹೆಚ್ಚಂದ್ರೆ ನಾಲ್ಕು ವರ್ಷ. ಕಾಕ್ಸ್‌ಗೆ ಯಾರ್ಕ್‌ನಲ್ಲಿ ಸಿಕ್ಕಿದ್ದು 15 ವರ್ಷದ ನೆಮ್ಮದಿ, ಅದಕ್ಕೇ 1987ರ ಪುಸ್ತಕ ಬಂತು. ನಾಲ್ಕು ವರ್ಷದ ಕಾಂಟ್ರಾಕ್ಟ್‌ನಲ್ಲಿ ಅಂಥದ್ದು ಬರೆಯೋಕಾಗತ್ತಾ, ನಂಗೆ ಡೌಟು. ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ 2023ರಿಂದ ನೆಟ್ಟೋ ಸೆಟ್ಟೋ ಸಾಕು, ಪಿಎಚ್‌ಡಿ ಇಲ್ಲದಿದ್ರೂ ನಡೆಯತ್ತೆ, ಸದ್ಯ ನೀನು ಅದನ್ನ ಪಾಸ್ ಮಾಡ್ಕೋ.

ಓದೋದು 1981ರದ್ದರಿಂದ ಶುರು ಮಾಡ್ಬೇಡ, ಕಬ್ಬಿಣದ ಕಡಲೆ. 1983ರ ಗ್ರಾಮ್ಶಿ ಲೇಖನ ಚಿಕ್ಕದು, ಅದನ್ನ ಮೊದ್ಲು ಓದು, ಹೆಜೆಮನಿ ಅಂದ್ರೆ ಬರೀ ದೊಡ್ಡಣ್ಣನ ದಬ್ಬಾಳಿಕೆ ಅಲ್ಲ, ಚಿಕ್ಕೋರೂ ಒಪ್ಪಿಕೊಂಡು ನಡೆಯೋ ಹಾಗೆ ಮಾಡೋದು ಅನ್ನೋದು ಅಲ್ಲಿ ಬಿಡಿಸಿದಾರೆ. ಅದಾದ್ಮೇಲೆ 1977ರಲ್ಲಿ, ಅಮೆರಿಕ ಐಎಲ್‌ಓ ಬಿಟ್ಟು ಹೋದ ವರ್ಷವೇ, ಆ ಸಂಸ್ಥೆ ಮೇಲೆ ಬರೆದಿದ್ದೊಂದಿದೆ. ಅವೆರಡು ಮುಗಿಸಿ 1981ಕ್ಕೆ ಹೋಗು. ಲೈಬ್ರರಿಲಿ ಸಿಗದಿದ್ರೆ ಇಲ್ಲೇ ಮೆಸೇಜ್ ಹಾಕು, ನನ್ನ ಹತ್ರ ಜೆರಾಕ್ಸ್ ಇದೆ.